ಲಾಂಡ್ರಿ ಅಕ್ಕ ಕಲಿತು ಬಂದದ್ದು

ನಮ್ಮ ಆಸ್ಪತ್ರೆಗೂ ಸಮುದ್ರದಾಚೆಯ ಒಂದು ಆಸ್ಪತ್ರೆಗೂ ವಿನಿಮಯ ಒಪ್ಪಂದವಾಯಿತು. ಇಲ್ಲಿಂದ ಒಬ್ಬರು ಮೂರು ವಾರ ಅಲ್ಲಿದ್ದು ಕಲಿತು ಬರಬೇಕು. ಯಾರು ಹೋಗಬೇಕೆಂದು ಡಾಕ್ಟರುಗಳು ಎರಡು ತಿಂಗಳು ಹಾವು ಮುಂಗುಸಿಯಂತೆ ಕಾದಾಡಿದರು. ಸಾಕಾಗಿ ಹೋದ ಸೂಪರಿಂಟೆಂಡೆಂಟರು, ಯಾರ ಹೊಟ್ಟೆಯೂ ಉರಿಯದಿರಲೆಂದು ಲಾಂಡ್ರಿ ಅಕ್ಕನ ಹೆಸರು ಬರೆದು ಕೈ ತೊಳೆದುಕೊಂಡರು.

ಅಕ್ಕ ಇಪ್ಪತ್ತೆರಡು ವರ್ಷದಿಂದ ನೆಲಮಾಳಿಗೆಯಲ್ಲಿ ಇಡೀ ಆಸ್ಪತ್ರೆಯ ಬಟ್ಟೆ ಒಗೆಸುವವಳು. ಯಂತ್ರಗಳ ಸದ್ದಿನ ನಡುವೆ ಮಾತಾಡಿ ಮಾತಾಡಿ ಅವಳ ದನಿ ಎರಡು ಮಹಡಿ ಮೇಲಕ್ಕೂ ಕೇಳುತ್ತದೆ. ಜೊತೆಗೆ ಕೆಲಸ ಮಾಡುವವಳು ಅವಳ ತಮ್ಮನ ಹೆಂಡತಿ. ವಾರ್ಡಿನವರು ಬಳಸಿದ ಸೂಜಿಯನ್ನು ಡಬ್ಬಕ್ಕೆ ಹಾಕದೆ ಬೆಡ್‌ಶೀಟಿನಲ್ಲೇ ಸುತ್ತಿ ಕಳಿಸುತ್ತಿದ್ದರು. ಒಂದೇ ವರ್ಷದಲ್ಲಿ ಆ ಹುಡುಗಿಗೆ ಎರಡು ಸಲ ಚುಚ್ಚಿತ್ತು. ಪ್ರತಿ ಸಲವೂ ರಕ್ತ ಪರೀಕ್ಷೆ, ಆಮೇಲೆ ಮೂರು ತಿಂಗಳು ಜೀವ ಕೈಯಲ್ಲಿ ಹಿಡಿದು ಕಾಯುವುದು. ಅಕ್ಕ ಕೊಟ್ಟ ಅರ್ಜಿಗಳು ಕಚೇರಿಯ ಬೀರುವಿನಲ್ಲಿ ಬೆಚ್ಚಗೆ ಮಲಗಿದ್ದವು. ಮಲಗಿಸಿದ ಗುಮಾಸ್ತ ನಾನೇ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಅಕ್ಕ ವಿಮಾನ ಹತ್ತುವ ಮೊದಲೇ ಅವಳ ಪ್ರವಾಸದ ವರದಿ ಟೈಪ್ ಮಾಡಿಟ್ಟವನೂ ನಾನೇ. 'ಈ ಅನುಭವ ನನ್ನ ಬದುಕಿನ ದಿಕ್ಕನ್ನೇ ಬದಲಿಸಿದೆ' ಎಂದು ಅದು ಶುರುವಾಗುತ್ತಿತ್ತು. ಹಿಂತಿರುಗಿದ ಮೇಲೆ ಅಕ್ಕ ಅದನ್ನು ಸಭಾಂಗಣದಲ್ಲಿ ತಡವರಿಸದೆ ಓದಿದಳು. ಹೂಗುಚ್ಛ, ಚಪ್ಪಾಳೆ, ಫೋಟೊ. ಕಲಿಯುವುದು ಅಲ್ಲಿಗೆ ಮುಗಿಯಿತೆಂದು ಎಲ್ಲರೂ ನೆಮ್ಮದಿಯ ನಿಟ್ಟುಸಿರು ಬಿಟ್ಟೆವು.

ಮಾರನೆಯ ಬೆಳಿಗ್ಗೆ ಡಾಕ್ಟರುಗಳ ಮೀಟಿಂಗಿಗೆ ಬಂದ ಅಕ್ಕ ಕುರ್ಚಿ ಎಳೆದುಕೊಂಡು ಕೂತಳು. ಟೀ ತಂದಿದ್ದಾಳೆಂದು ಒಬ್ಬರು ಕೈ ಚಾಚಿದರು. ಅಲ್ಲಿ ಬಟ್ಟೆ ಒಗೆಯುವವರೂ ಇದೇ ಮೇಜಿಗೆ ಕೂರುತ್ತಾರೆ ಎಂದಳು ಅಕ್ಕ. ಸೂಜಿ ಸಿಕ್ಕರೆ ಗಂಟನ್ನು ಮತ್ತೆ ಕಟ್ಟಿ ಅದೇ ವಾರ್ಡಿಗೆ ವಾಪಸು ಕಳಿಸುತ್ತಾರೆ, ಅವರೇ ಹುಡುಕಿ ತೆಗೆಯುವವರೆಗೆ ಒಗೆದ ಬಟ್ಟೆ ಕೊಡುವುದಿಲ್ಲ ಎಂದೂ ಹೇಳಿದಳು. ಅದು ಅಲ್ಲಿಗೆ ಸರಿ, ಇಲ್ಲಿಗೆ ಒಗ್ಗುವುದಿಲ್ಲ ಎಂದರು ಸೂಪರಿಂಟೆಂಡೆಂಟರು. ವಿನಿಮಯದ ಉದ್ದೇಶ ದೃಷ್ಟಿ ವಿಶಾಲವಾಗುವುದೇ ಹೊರತು ಬಟ್ಟೆ ನಿಲ್ಲಿಸುವುದಲ್ಲವೆಂದು ತಿಳಿಹೇಳಿ ಕಳಿಸಿದರು.

ಅದೇ ವಾರ ಹುಡುಗಿಗೆ ಮೂರನೆಯ ಸಲ ಚುಚ್ಚಿತು. ಅಕ್ಕ ಕೂಗಾಡಲಿಲ್ಲ. ಗಂಟನ್ನು ಬಿಗಿಯಾಗಿ ಕಟ್ಟಿ, ತಳ್ಳುಗಾಡಿಯಲ್ಲಿ ತಂದು, ಅದು ಬಂದಿದ್ದ ಆಪರೇಷನ್ ವಿಭಾಗದ ಬಾಗಿಲಿಗೇ ಇಳಿಸಿದಳು. ತುರ್ತು ಕೇಸುಗಳಿಗೆಂದು ಒಂದು ಕಪಾಟಿನಷ್ಟು ಒಗೆದ ಬಟ್ಟೆ ಬಿಟ್ಟು, ಉಳಿದದ್ದಕ್ಕೆ ಬೀಗ ಜಡಿದಳು. ದಿನಾಂಕ ಮೊದಲೇ ಗೊತ್ತು ಮಾಡಿದ್ದ ನಾಲ್ಕು ಆಪರೇಷನ್ ಮುಂದಕ್ಕೆ ಹೋದವು. ದೊಡ್ಡ ಸರ್ಜನ್ ಕೆಂಡಾಮಂಡಲವಾದರು.

ಅಕ್ಕನನ್ನು ಕರೆಸಿದರು. ಅವಳ ಕೆಲಸ ಹೋಯಿತೆಂದೇ ಅಂದುಕೊಂಡೆ. ಸೂಪರಿಂಟೆಂಡೆಂಟರು ಮಾತ್ರ ಬೆಣ್ಣೆ ಹಚ್ಚತೊಡಗಿದರು.

"ನೋಡಮ್ಮ, ಇನ್ನೊಂದ್ಸಲ ಹೋಗಿ ಬರ್ತೀಯಾ? ಈ ಸಲ ಆರು ತಿಂಗಳು ಕಳಿಸ್ತೀನಿ. ಈಗ ಬೀಗ ತೆಗೆದ್ಬಿಡು."

"ನಾನು ಹೋಗಿ ಬಂದಾಯ್ತಲ್ಲ ಸಾರ್, ಈಗ ನಿಮ್ಮ ಸರದಿ. ಅಷ್ಟು ದೂರ ಬೇಡ, ಕೆಳಗೆ ನಮ್ಮ ಲಾಂಡ್ರಿಗೆ ಬನ್ನಿ. ಮೂರು ವಾರ ಗಂಟು ಬಿಚ್ಚಿ ನೋಡಿ. ಕೈಗವಸು ಮಾತ್ರ ಇಲ್ಲ, ಖಾಲಿಯಾಗಿ ವರ್ಷ ಆಯ್ತು."

ಸೂಪರಿಂಟೆಂಡೆಂಟರು ತಮ್ಮ ಬೆರಳುಗಳನ್ನು ನೋಡಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಸೂಜಿಯನ್ನು ಡಬ್ಬಕ್ಕೇ ಹಾಕಬೇಕೆಂದು ವಾರ್ಡುಗಳಿಗೆಲ್ಲ ಸುತ್ತೋಲೆ ಟೈಪ್ ಮಾಡಲು ಹೇಳಿದರು. ಅದು ಅರ್ಧ ಗಂಟೆಯ ಕೆಲಸ, ಮಧ್ಯಾಹ್ನದೊಳಗೆ ಮುಗಿಯಿತು. ಹುಡುಗಿಯ ರಕ್ತದ ಫಲಿತಾಂಶಕ್ಕೆ ಇನ್ನೂ ಮೂರು ತಿಂಗಳು ಕಾಯಬೇಕು.