ಒಂಟಿ ನಕ್ಷತ್ರಕ್ಕೊಂದು ಸಂಬಂಧ

ಕಳೆದ ಭಾನುವಾರ ರಸೆಲ್ ಮಾರುಕಟ್ಟೆಯಲ್ಲಿ ಪುದೀನದ ಕಟ್ಟೊಂದನ್ನು ಮೂಗಿಗೆ ಹಿಡಿದೆ ನೋಡಿ, ಲಿಂಗರಾಜಪುರದ ಖಾಲಾ ನೆನಪಾದರು. ಪಿಎಚ್‌ಡಿ ಮಾಡುವಾಗ ನಾನು ಅವರ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಖಾಲಾ ಎಂದರೆ ಚಿಕ್ಕಮ್ಮ. ಇಡೀ ಬೀದಿಗೆ ಅವರು ಖಾಲಾ. ಕೈಯಲ್ಲಿ ಸದಾ ಪುದೀನದ ವಾಸನೆ, ಫೋನಿನಲ್ಲಿ ಸದಾ ನಾಲ್ಕೈದು ವರರ ಫೋಟೊ. ಬೀದಿಯ ಅರ್ಧ ಮದುವೆಗಳನ್ನು ಕುದುರಿಸಿದವರು ಅವರೇ. ಸದ್ದಾಗದಂತೆ ಮೆಟ್ಟಿಲು ಹತ್ತುವುದನ್ನು ನಾನು ಕಲಿತದ್ದು ಆ ಫೋಟೊಗಳ ಭಯದಿಂದ.

ನನ್ನ ವಿಷಯ ಗ್ರಹೀಯ ನೀಹಾರಿಕೆ. ಹೆಸರಿಗೆ ಹೆದರಬೇಡಿ, ಗ್ರಹಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ. ಮುಪ್ಪಾದ ನಕ್ಷತ್ರ ಮೈಮೇಲಿನ ಅನಿಲವನ್ನು ಕಳಚಿ ಚೆಲ್ಲಿದಾಗ ಹೊಳೆಯುವ ಮೋಡ ಅದು. ಸೋಜಿಗವೆಂದರೆ, ಗುಂಡಗಿನ ನಕ್ಷತ್ರದಿಂದ ಕೆಲವೊಮ್ಮೆ ಅನಿಲ ಎರಡು ಸಪೂರ ಚಿಲುಮೆಗಳಾಗಿ, ಗೆರೆ ಎಳೆದಷ್ಟು ನೇರವಾಗಿ, ವಿರುದ್ಧ ದಿಕ್ಕುಗಳಿಗೆ ಚಿಮ್ಮುತ್ತದೆ. ನಾನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಕಟ್ಟಿದ್ದ ನಕ್ಷತ್ರ ಮಾತ್ರ ಆರು ತಿಂಗಳಿಂದ ಪೂರಿಯಂತೆ ಉಬ್ಬುತ್ತಲೇ ಇತ್ತು. "ತಿಂಗಳ ಕೊನೆಯೊಳ್ಗೆ ಚಿಲುಮೆ ಬರ್ಲಿಲ್ಲ ಅಂದ್ರೆ ಟಾಪಿಕ್ ಬದಲಾಯಿಸ್ಬೇಕಾಗುತ್ತೆ ಕಣಮ್ಮ," ಎಂದಿದ್ದರು ಗೈಡ್.

ಒಂದು ಮಧ್ಯಾಹ್ನ ಖಾಲಾ ಬಿರಿಯಾನಿ ಹಿಡಿದು ಕೋಣೆಗೇ ಬಂದುಬಿಟ್ಟರು. ವರನ ಫೋಟೊ ಹೊರಬರುವ ಮೊದಲೇ ನಾನು ಗಡಿಬಿಡಿಯಲ್ಲಿ ನಕ್ಷತ್ರವನ್ನು ತೋರಿಸತೊಡಗಿದೆ.

"ಯಾಕ್ ಬೇಟಾ ಹಿಂಗ್ ಊದ್ಕೊಂಡಿದೆ? ಜೊತೇಗ್ ಯಾರೂ ಇಲ್ವಾ?"

"ಒಂದೇ ನಕ್ಷತ್ರ ಖಾಲಾ. ಲೆಕ್ಕ ಸುಲಭ."

"ಅರೆ, ಸುಲಭ ಅಂತ ಒಂಟಿ ಇಡ್ತಾರಾ? ನಿನ್ ಥರಾನೇ ಮಾಡಿಟ್ಟಿದೀಯ! ಮೊದ್ಲು ಅದಕ್ಕೊಂದು ಜೋಡಿ ನೋಡು, ದಾರಿಗ್ ಬರುತ್ತೆ."

ನಕ್ಕೆ. ಆಮೇಲೆ ನಗು ನಿಂತಿತು. ಪಕ್ಕದಲ್ಲಿ ಇನ್ನೊಂದು ನಕ್ಷತ್ರ ಸುತ್ತುತ್ತಿದ್ದರೆ, ಅದು ಅನಿಲವನ್ನು ಸೆಳೆದು ತನ್ನ ಸುತ್ತ ತಟ್ಟೆಯಂತೆ ತಿರುಗಿಸುತ್ತದೆ. ಆ ತಟ್ಟೆಯ ನಡುವಿನಿಂದ ಚಿಲುಮೆಗಳು ಮೇಲಕ್ಕೂ ಕೆಳಕ್ಕೂ ಏಳಬಲ್ಲವು. ಇದನ್ನು ಎಷ್ಟು ಸಲ ಓದಿದ್ದೆನೋ! ಒಂಟಿಯಾಗಿಯೇ ಸಾಧಿಸಿ ತೋರಿಸಲಿ ಎಂದು ಹಟ ಹಿಡಿದವಳು ನಾನು. ನಕ್ಷತ್ರಕ್ಕೆ ಅಂಥ ಆಸೆಯೇನೂ ಇದ್ದಂತಿರಲಿಲ್ಲ.

ಜೋಡಿ ಹಾಕಿದೆ. ಮೂರನೆಯ ವಾರ ಎರಡೂ ಚಿಲುಮೆಗಳು ಬಂದವು, ನನ್ನ ವಿಷಯ ಉಳಿಯಿತು. ಚಿತ್ರ ತೋರಿಸಿದರೆ ಖಾಲಾ ಕನ್ನಡಕ ಏರಿಸಿ, "ಹುಡುಗ ಎಲ್ಲಿ?" ಎಂದರು.

"ಚಿಕ್ಕದು ಖಾಲಾ, ಆ ಹೊಳಪಲ್ಲಿ ಕಾಣ್ಸಲ್ಲ."

"ಕಾಣ್ದಿದ್ರೂ ಕೆಲ್ಸ ಮಾಡ್ತಾನಲ್ಲ. ನಮ್ ಯಜಮಾನ್ರಿಗಿಂತ ವಾಸಿ."

ಹೇಳದೆ ಕೇಳದೆ ಯಾರ ಮನೆಗೂ ಹೋಗುವವಳಲ್ಲ ನಾನು. ಆದರೆ ಆ ಭಾನುವಾರ ಮಾರುಕಟ್ಟೆಯಿಂದ ನೇರ ಲಿಂಗರಾಜಪುರದ ಆಟೊ ಹತ್ತಿದೆ. ಖಾಲಾ ಬಾಗಿಲು ತೆರೆದವರೇ, "ಬಾ ಬೇಟಾ, ಬಾ" ಎನ್ನುತ್ತ ನನ್ನ ಭುಜದಾಚೆ ಇಣುಕಿ, ಆಟೊ ತಿರುಗಿಸುತ್ತಿದ್ದ ಡ್ರೈವರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ಅಳೆದರು.