ಹಾಲು ಕರೆಯುವವಳಿಗೆ ಹಾಲಿಲ್ಲದ ಸಿಹಿ

ಅರಕೆರೆಯಲ್ಲಿ ನಾಲೆ ನೀರಿಗೆ ಧರಣಿ ಕೂತು ಗೆದ್ದ ದಿನ ಎಲ್ಲರಿಗೂ ಮೈಸೂರು ಪಾಕು ಹಂಚಿದರು. ಜಯಮ್ಮ ಮಾತ್ರ ಕೈಮುಗಿದು ಹಿಂದೆ ಸರಿದಳು. ದಿನಾ ಎರಡು ಹಸು ಕರೆದು ಡೈರಿಗೆ ಹಾಲು ಹಾಕುವ ಅವಳಿಗೆ ಹಾಲು, ತುಪ್ಪ ಯಾವುದೂ ಆಗದು. ತಿಂದರೆ ಮೈಯೆಲ್ಲ ದದ್ದು, ಉಸಿರು ಕಟ್ಟುತ್ತದೆ. ನಮ್ಮ ಜೊತೆ ಬಿಸಿಲಲ್ಲಿ ಕೂತವಳಿಗೆ ಗೆದ್ದ ದಿನ ಬಾಯಿಗೆ ಸಿಹಿಯಿಲ್ಲ! ನನಗೆ ಸಿಟ್ಟು ನೆತ್ತಿಗೇರಿತು.

ಮಾರನೆಯ ದಿನ ಶ್ರೀರಂಗಪಟ್ಟಣದ ಅಂಗಡಿಗಳಲ್ಲಿ, ಸರ್ಕಾರಿ ನೋಟಿಸು ಓದುವ ಹಾಗೆ ಪೊಟ್ಟಣಗಳ ಸಣ್ಣ ಅಕ್ಷರ ಓದಿ, ಹಾಲಿಲ್ಲದ ಕಪ್ಪು ಚಾಕೊಲೇಟ್ ತಂದೆ. ಜಯಮ್ಮನ ಮನೆಯಲ್ಲೇ, ಹಾಲು ಸೋಕದ ಹೊಸ ಪಾತ್ರೆಯನ್ನು ಬಿಸಿನೀರಿನ ಮೇಲಿಟ್ಟು ಅರ್ಧ ಚಾಕೊಲೇಟ್ ಕರಗಿಸಿದೆ. ಏಲಕ್ಕಿ ಬಾಳೆಹಣ್ಣು ಹೆಚ್ಚಲು ಅತ್ತ ತಿರುಗಿದೆನಷ್ಟೇ, ಅವಳ ಅತ್ತೆ ಪಾತ್ರೆಗೆ ಒಂದು ಚಮಚ ತುಪ್ಪ ಬಿಟ್ಟೇಬಿಟ್ಟರು.

"ಏನವ್ವಾ ಮಾಡ್ಬುಟ್ಟೆ! ಸೊಸೆ ಜೀವ ತೆಗೀತೀಯಾ?"

"ತುಪ್ಪ ಯಾವತ್ಲಾ ಆಲಾಯ್ತು? ಒಳಪು ಬರ್ಲಿ ಅಂತ ಬುಟ್ಟೆ. ಗಂಡಸು ಒಲೆ ಮುಂದೆ ನಿಂತ್ರೆ ಇಂಗೇಯ."

ಅದನ್ನು ಪಕ್ಕಕ್ಕೆ ಸರಿಸಿ, ಉಳಿದ ಚಾಕೊಲೇಟನ್ನು ಇನ್ನೊಂದು ಹೊಸ ಪಾತ್ರೆಯಲ್ಲಿ ಮೊದಲಿಂದ ಕರಗಿಸಿದೆ. ಹೊಳಪಿಗೆ ಕೊಬ್ಬರಿ ಎಣ್ಣೆ ಬಿಟ್ಟೆ. ಹಣ್ಣು ಅದ್ದಿ ಫ್ರಿಜ್ಜಿನಲ್ಲಿಟ್ಟು, ಗಟ್ಟಿಯಾದ ಮೇಲೆ ಮೊದಲ ತುಂಡು ಜಯಮ್ಮನಿಗೇ ಕೊಟ್ಟೆ. ತಿಂದಳು. ಒಂದು ಗಂಟೆ ಕಾದೆವು. ದದ್ದಿಲ್ಲ, ದಮ್ಮಿಲ್ಲ.

"ಈಗ ಗೆದ್ದಂಗಾಯ್ತು ಕಣಣ್ಣ," ಅಂದಳು.

ನೀರು ಬಿಡಿಸಿದ್ದಕ್ಕಿಂತ ಹೆಚ್ಚು ಹೆಮ್ಮೆ ನನಗೆ ಆಗಿದ್ದು ಆಗಲೇ. ತುಪ್ಪ ಬಿದ್ದ ಪಾತ್ರೆಗೆ ತಾವೇ ಹಣ್ಣು ಅದ್ದಿಕೊಂಡು ತಿನ್ನುತ್ತಿದ್ದ ಅತ್ತೆ, "ಏನೇ ಅನ್ಲಾ, ಆಲು ಬಿದ್ದಿದ್ದೇ ರುಚಿ," ಅಂದರು.

ತುಪ್ಪವೂ ಹಾಲೇ ಎಂದು ಒಪ್ಪಿದರಲ್ಲ. ಅದಕ್ಕೊಂದು ಧರಣಿ ಕೂರುವುದು ತಪ್ಪಿತು.