ಜ್ಯೂ ಅಂದ್ರೆ ಜೀನ

ಮೊನ್ನೆ ಹಿರಿಯೂರಿನಿಂದ ಹೊಸದುರ್ಗಕ್ಕೆ ಬರುವ ಬಸ್ಸಿನಲ್ಲಿ ಪಕ್ಕದ ಮುದುಕರೊಬ್ಬರು ನಶ್ಯದ ಡಬ್ಬಿ ತೆರೆದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಮ್ಮ ಇಂಗ್ಲಿಷ್ ಮೇಷ್ಟ್ರು ಕಣ್ಣ ಮುಂದೆ ಬಂದು ನಿಂತರು. ಬಿಳಿ ಪಂಚೆ, ಕರಿ ಕೋಟು, ತೋಳಿನ ಮೇಲೆ ಸೀಮೆಸುಣ್ಣದ ಪುಡಿ...

ಎಪ್ಪತ್ತರ ದಶಕದಲ್ಲಿ ನಾನು ಹೊಸದುರ್ಗದ ಹೈಸ್ಕೂಲೊಂದಕ್ಕೆ ಕನ್ನಡ ಟೀಚರಾಗಿ ಸೇರಿದಾಗ ಅವರ ತಲೆ ಆಗಲೇ ನರೆತಿತ್ತು. ಅರ್ಧ ಊರಿಗೆ ಇಂಗ್ಲಿಷ್ ಕಲಿಸಿದವರು. ಕಷ್ಟದ ಪದ ಹಳ್ಳಿ ಮಕ್ಕಳ ನೆನಪಿನಲ್ಲಿ ನಿಲ್ಲಲೆಂದು ಪ್ರಾಸ ಕಟ್ಟಿ ಹೇಳುತ್ತಿದ್ದರು. ಪಾಠದಲ್ಲಿ ಬಡ್ಡಿಗೆ ಸಾಲ ಕೊಡುವ ಒಬ್ಬ ಜಿಪುಣ ಮುದುಕನ ಕತೆ ಇತ್ತು. ಅವನು ಯಹೂದಿ, ಇಂಗ್ಲಿಷಿನಲ್ಲಿ ಜ್ಯೂ. "ಜ್ಯೂ ಅಂದ್ರೆ ಜೀನ, ಬರ್ಕಳ್ರಲೇ" ಎನ್ನುತ್ತಿದ್ದರು. ತರಗತಿ ಗೊಳ್ಳೆಂದು ನಗುತ್ತಿತ್ತು. ಪಕ್ಕದ ಕೋಣೆಯಲ್ಲಿ ನಾನೂ ನಕ್ಕಿದ್ದೇನೆ. ನಮ್ಮಲ್ಲಿ ಯಹೂದಿಯನ್ನು ಕಂಡವರು ಯಾರಿದ್ದರು?

ಅವರ ಹಳೇ ಶಿಷ್ಯನೊಬ್ಬ ಲೀಡರಾಗಿ ಚುನಾವಣೆಗೆ ನಿಂತ. ಸಂತೆ ಮೈದಾನದಲ್ಲಿ ಅವನ ಭಾಷಣ ಕೇಳಲು ಮೇಷ್ಟ್ರು ಹೆಮ್ಮೆಯಿಂದ ಹೋದರು. ಜೊತೆಗೆ ನಾನಿದ್ದೆ. ವೇದಿಕೆಯ ಬುಡದಲ್ಲೇ ನಿಂತೆವು. ಅವನು ಗಿರವಿ ಅಂಗಡಿಯವರ ಮೇಲೆ ಹರಿಹಾಯ್ದ. "ನಮ್ಮ ಮೇಷ್ಟ್ರೇ ಕಲಿಸ್ಯಾರೆ, ಜ್ಯೂ ಅಂದ್ರೆ ಜೀನ. ಈ ಪ್ಯಾಟೇಲಿ ಜ್ಯೂಗಳು ಹೆಚ್ಚಿಕೊಂಡವೆ. ಒದ್ದು ಓಡಿಸಾಣ."

ಜನ ಚಪ್ಪಾಳೆ ಹೊಡೆದರು. ಮಾರನೇ ದಿನ ಗಿರವಿ ಅಂಗಡಿಗೆ ಕಲ್ಲು ಬಿತ್ತು. ಅಂಗಡಿಯವರ ಮಗಳು ಹಣೆಗೆ ಪಟ್ಟಿ ಕಟ್ಟಿಕೊಂಡು ನಮ್ಮ ಶಾಲೆಗೆ ಬಂದಳು. ಮಕ್ಕಳು ಅವಳ ಹಿಂದೆ "ಜ್ಯೂ, ಜ್ಯೂ" ಎಂದು ಕೂಗಿದರು.

ಮೇಷ್ಟ್ರು ಕುಗ್ಗಿ ಹೋದರು. "ಅದು ಒಂದು ಜನಾಂಗದ ಹೆಸ್ರು ಕಣಮ್ಮ. ಹಿಂಗೆ ಆಡ್ಕೊಂಡು ಆಡ್ಕೊಂಡೇ ಅವ್ರನ್ನ ಮಕ್ಕಳು ಮರಿ ಸಮೇತ ಕೊಂದ್ರು. ಗೊತ್ತಿದ್ದೂ ಪ್ರಾಸದ ಆಸೆಗೆ ಕಲಿಸ್ದೆ" ಎಂದು ನನ್ನ ಹತ್ತಿರ ಹೇಳಿಕೊಂಡರು. ಪ್ರತಿ ತರಗತಿಗೂ ಹೋಗಿ ತಪ್ಪೊಪ್ಪಿಕೊಂಡರು. ಆಡಿದ ಮಾತನ್ನು ಅದೇ ಮೈದಾನದಲ್ಲಿ ವಾಪಸ್ ತಗೋ ಎಂದು ಶಿಷ್ಯನ ಮನೆಗೇ ಹೋಗಿ ಕೇಳಿದರು. ಅವನು ಕಾಫಿ ಕೊಟ್ಟು, "ಬಿಡ್ರಿ ಮೇಷ್ಟ್ರೇ, ನೊಂದ್ಕಳಾಕೆ ನಮ್ಮೂರಾಗೆ ಯಾವ ಜ್ಯೂ ಐದಾನೆ?" ಎಂದನಂತೆ.

ಮೇಷ್ಟ್ರು ನಡೆದದ್ದನ್ನೆಲ್ಲ ಪತ್ರಿಕೆಗೆ ಬರೆದರು. ಗುಲ್ಲಾಯಿತು. ಶಿಷ್ಯ ತಾನು ಹಾಗೆ ಅಂದೇ ಇಲ್ಲ ಎಂದುಬಿಟ್ಟ. ಸರ್ಕಾರಿ ಸಂಬಳ ತಿಂದು ರಾಜಕೀಯ ಮಾಡುತ್ತಾರೆಂದು ಮೇಷ್ಟ್ರ ಮೇಲೆಯೇ ದೂರು ಹೋಯಿತು. ಭಾಷಣವನ್ನು ಊರೆಲ್ಲ ಕೇಳಿತ್ತು, ಸಾಕ್ಷಿ ಹೇಳಲು ಮಾತ್ರ ಊರಿಗೆ ಬಾಯಿರಲಿಲ್ಲ. ಮೇಷ್ಟ್ರು ನನ್ನ ಹೆಸರು ಕೊಟ್ಟಿದ್ದರು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ವಿಚಾರಣೆಗೆ ಬಂದ ಅಧಿಕಾರಿಯ ಮುಂದೆ, "ಗದ್ದಲ ಇತ್ತು ಸಾರ್, ಸರಿಯಾಗಿ ಕೇಳಿಸ್ಲಿಲ್ಲ" ಎಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಮಕ್ಕಳಿಗೆ ವಿಸ್ತರಿಸಿ ಬರೆಸುತ್ತಿದ್ದವಳು ನಾನೇ.

ಅವರನ್ನು ಜವನಗೊಂಡನಹಳ್ಳಿಗೆ ಎತ್ತಂಗಡಿ ಮಾಡಿದರು. ಬಸ್ ಸ್ಟ್ಯಾಂಡಿನಲ್ಲಿ ತಲೆ ತಗ್ಗಿಸಿ ನಿಂತಿದ್ದೆ. "ಮೊದ್ಲು ಕೆಲ್ಸ ಕಾಯಂ ಆಗ್ಲಮ್ಮ. ಆಮೇಲೆ ಮಾತಾಡುವಿಯಂತೆ" ಅಂದರು. ಚುಚ್ಚಿದರೋ, ಸಮಾಧಾನ ಹೇಳಿದರೋ... ಚುಚ್ಚಿದರೆಂದೇ ಇಟ್ಟುಕೊಂಡಿದ್ದೇನೆ. ಅದೇ ನನಗೆ ತಕ್ಕದ್ದು.

ಕೆಲಸ ಕಾಯಂ ಆಯಿತು, ಬಡ್ತಿಯೂ ಸಿಕ್ಕಿತು. ಒಳ್ಳೆಯ ಶಿಕ್ಷಕಿ ಎಂದು ಆ ಶಿಷ್ಯನ ಕೈಯಿಂದಲೇ ಶಾಲು ಹೊದಿಸಿಕೊಂಡೆ. ಥೂ, ನನ್ನ ಜನ್ಮಕ್ಕಿಷ್ಟು... ಮೇಷ್ಟ್ರು ತೀರಿಕೊಂಡಾಗ ಮಣ್ಣಿಗೂ ಹೋಗಲಿಲ್ಲ, ಯಾವ ಮುಖ ಹೊತ್ತು ಹೋಗಲಿ?

ಹೊಸದುರ್ಗದಲ್ಲಿ ಈಗಲೂ ಜಿಪುಣನಿಗೆ ಜ್ಯೂ ಎನ್ನುವ ನನ್ನ ವಯಸ್ಸಿನವರಿದ್ದಾರೆ. ಆ ಮಾತನ್ನು ತಿದ್ದಲು ಹೋಗಿ ಊರು ಬಿಟ್ಟವರು ಯಾರಿಗೂ ನೆನಪಿಲ್ಲ. ನನಗೀಗ ಪೆನ್ಷನ್ ಬರುತ್ತದೆ, ಯಾರ ಭಯವೂ ಇಲ್ಲ. ಕೇಳುವ ಅಧಿಕಾರಿಯೂ ಇಲ್ಲ, ಹೇಳಿದ್ದರೆ ಊರಲ್ಲೇ ಉಳಿಯುತ್ತಿದ್ದವರೂ ಇಲ್ಲ. ಆದರೂ ಬರೆದಿಡುತ್ತೇನೆ. ಅವತ್ತು ಅವನು ಆಡಿದ್ದು ನನಗೆ ಅಕ್ಷರ ಅಕ್ಷರವೂ ಕೇಳಿಸಿತ್ತು.